ಎಣಿಕೆ ಒಂಬತ್ತರಲ್ಲಿದೆ

ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದು ಕೆಳಗೆ ಬಿದ್ದವನು ರೆಫರಿ ಹತ್ತು ಎಣಿಸುವುದರೊಳಗೆ ಎದ್ದರೆ ಪಂದ್ಯ ಮುಂದುವರಿಯತಕ್ಕದ್ದು. ಏಳದಿದ್ದರೆ ಅವನು ಸೋತನೆಂದು ತಿಳಿಯತಕ್ಕದ್ದು. ನಮ್ಮ ಚಾಂಪಿಯನ್ನರು ಕೆಳಗೆ ಬಿದ್ದು ಮೊನ್ನೆಗೆ ನಾಲ್ಕು ವರ್ಷ ತುಂಬಿತು. ಎಣಿಕೆ ಸದ್ಯ ಒಂಬತ್ತರಲ್ಲಿದೆ. ಆದ್ದರಿಂದ ಅವರು ಈಗಲೂ ಚಾಂಪಿಯನ್ನರೇ. ಇದರಲ್ಲಿ ಅನುಮಾನಪಡುವಂಥದ್ದು ಏನೂ ಇಲ್ಲ.

ನಾನು ವೃತ್ತಿಪರ ಬಾಕ್ಸಿಂಗ್ ಮಂಡಳಿಯ ದಾಖಲೆ ವಿಭಾಗದಲ್ಲಿ ಗುಮಾಸ್ತ. ಚಾಂಪಿಯನ್ನರ ವೃತ್ತಿಜೀವನದ ವಿವರಗಳನ್ನು ಒಂದೆಡೆ ಬರೆದಿಡಿ ಎಂದು ಅಧ್ಯಕ್ಷರು ಬಾಯಿಮಾತಿನಲ್ಲಿ ಹೇಳಿದರು. ಲಿಖಿತ ಆದೇಶ ಕೊಡಿ ಸಾರ್ ಅಂದೆ. "ನೀವು ಮೊದ್ಲು ಬರೀರಿ. ಚೆನ್ನಾಗಿದ್ರೆ ಆದೇಶ ಕೊಟ್ಟಿದ್ದೆ ಅಂತಾಗತ್ತೆ, ಇಲ್ದಿದ್ರೆ ಕೊಟ್ಟಿರ್ಲಿಲ್ಲ ಅಂತಾಗತ್ತೆ" ಅಂದರು. ಇಷ್ಟು ಸ್ಪಷ್ಟವಾಗಿ ಯೋಚಿಸುವ ಅಧ್ಯಕ್ಷರು ಸಿಕ್ಕಿದ್ದು ನಮ್ಮ ಪುಣ್ಯ. ಈ ಪಂದ್ಯದ ಮಾತೆತ್ತಿದರೆ ಊರಲ್ಲಿ ಕೆಲವರು ಕಿಸಕ್ಕನೆ ನಗುತ್ತಾರೆ. ನಗಲಿ. ಒಂದು ದಿನವಾದರೂ ಕಚೇರಿಯಲ್ಲಿ ಕೂತು ಕೆಲಸ ಮಾಡಿದವರಾಗಿದ್ದರೆ ನಗುತ್ತಿರಲಿಲ್ಲ.

ಚಾಂಪಿಯನ್ನರು ಮೊದಲು ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುತ್ತಿದ್ದರು. ಲಿಫ್ಟ್ ಇಲ್ಲದ ಕಟ್ಟಡಗಳೇ ಅವರ ಪಾಲಿಗೆ ಬರುತ್ತಿದ್ದವು. ತುಂಬಿದ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ನಾಲ್ಕನೇ ಮಹಡಿ ಹತ್ತಿ, ಬಾಗಿಲು ತಟ್ಟಿ, "ಒಳಗೆ ಬರ್ಲಾ ಅಮ್ಮಾ?" ಎಂದು ಕೇಳಿ, ಒಳಗಿನವರು ಹೂಂ ಅನ್ನುವ ತನಕ ಹೊರೆ ಇಳಿಸದೆ ಹಾಗೇ ನಿಂತಿರುತ್ತಿದ್ದರಂತೆ. ಒಮ್ಮೆ ಒಂದು ಮನೆಯಾಕೆ ಫೋನಿನಲ್ಲಿ ಮಾತಾಡುತ್ತಿದ್ದು ಹೂಂ ಅನ್ನುವುದನ್ನೇ ಮರೆತಳು. ಇವರು ಇಪ್ಪತ್ತು ನಿಮಿಷ ಹೊತ್ತುಕೊಂಡೇ ನಿಂತರು. ಆ ಮನೆಯ ಯಜಮಾನ ಬಾಕ್ಸಿಂಗ್ ಕೋಚು. ಆತ ಬಂದು ನೋಡಿ, ಹೆಗಲು ಮುಟ್ಟಿ, ಮಾರನೇ ದಿನವೇ ಅವರನ್ನು ಗರಡಿಗೆ ಸೇರಿಸಿಕೊಂಡ.

ಇಪ್ಪತ್ತೆರಡು ಪಂದ್ಯ ಆಡಿದರು, ಇಪ್ಪತ್ತೆರಡನ್ನೂ ಗೆದ್ದರು. ಕೆಳಗೆ ಬೀಳಲೇ ಇಲ್ಲ ಎಂದಲ್ಲ. ನಾಲ್ಕು ಸಲ ಬಿದ್ದಿದ್ದಾರೆ. ಬಿದ್ದಾಗ ಏನು ಮಾಡಬೇಕು ಎಂದು ಕೋಚು ಹೇಳಿಕೊಟ್ಟಿದ್ದ: "ಗಡಬಡಿಸಿ ಏಳ್ಬೇಡ ಕಣಯ್ಯಾ. ಎಂಟರ ತನಕ ಆರಾಮಾಗಿ ಮಲ್ಕೋ. ಪುಕ್ಕಟೆ ಸಿಗೋ ವಿಶ್ರಾಂತಿ ಯಾಕೆ ಬಿಡ್ತೀಯಾ? ಒಂಬತ್ತಕ್ಕೆ ಕೈ ಊರು, ಹತ್ತಕ್ಕೆ ಮುಂಚೆ ನಿಂತಿರು." ನಾಲ್ಕು ಸಲವೂ ಅವರು ಹೀಗೇ ಎದ್ದು, ಹೊಡೆದವನನ್ನೇ ಮಲಗಿಸಿ ಬಂದರು. ಹಾಗಾಗಿ ಇಪ್ಪತ್ಮೂರನೇ ಪಂದ್ಯದ ಮೂರನೇ ಸುತ್ತಿನಲ್ಲಿ ಎಡಗೈ ಏಟು ದವಡೆಗೆ ಬಿದ್ದು ಅವರು ದೊಪ್ಪನೆ ಉರುಳಿದಾಗ ಯಾರೂ ಗಾಬರಿಯಾಗಲಿಲ್ಲ. ಹೊಡೆದವನ ಕಸುಬು ಬಟ್ಟೆ ಇಸ್ತ್ರಿ ಮಾಡುವುದು. ಎಲ್ಲರೂ ಅವನನ್ನು ಇಸ್ತ್ರಿ ಎಂದೇ ಕರೆಯುವುದು. ಬಿದ್ದವನ ಎಣಿಕೆ ಮುಗಿಯುವ ತನಕ ಹೊಡೆದವನು ದೂರದ ಮೂಲೆಯಲ್ಲಿ ನಿಂತಿರಬೇಕು ಎಂಬ ನಿಯಮದಂತೆ ಅವನು ಹೋಗಿ ಮೂಲೆಯಲ್ಲಿ ನಿಂತ. ರೆಫರಿ ಬಾಗಿ ಎಣಿಸತೊಡಗಿದರು.

ಅವತ್ತು ರೆಫರಿಯವರ ಸೇವೆಯ ಕೊನೆಯ ದಿನ. ಮಧ್ಯಾಹ್ನವೇ ಬೀಳ್ಕೊಡುಗೆ ಮುಗಿದಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಒಂದು ನಿಮಿಷ ಮೊದಲು ಮನೆಗೆ ಹೋದವರಲ್ಲ, ಒಂದು ನಿಮಿಷ ತಡವಾಗಿ ಹೋದವರೂ ಅಲ್ಲ. "ಒಂಬತ್ತು" ಎಂದು ಹೇಳಿ ಗೋಡೆಯ ಗಡಿಯಾರ ನೋಡಿದರು. ಐದೂವರೆ. ಎತ್ತಿದ ಬೆರಳನ್ನು ಇಳಿಸಿದರು. ಕತ್ತಿನ ಬೋ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಮೇಜಿನ ಕೆಳಗಿಂದ ಊಟದ ಡಬ್ಬಿ ತೆಗೆದುಕೊಂಡು, ಗಂಟೆ ಬಾರಿಸುವವನ ಕೈಕುಲುಕಿ, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಐದೂವರೆಯ ನಂತರ ಅವರು ಏನು ಎಣಿಸಿದರೂ ಅದು ಖಾಸಗಿ ಎಣಿಕೆ. ಅವರನ್ನು ತಪ್ಪು ಅನ್ನುವ ಹಾಗಿಲ್ಲ.

ಆ ಹೊತ್ತಿಗೆ ಚಾಂಪಿಯನ್ನರು ಅಂಗೈ ನೆಲಕ್ಕೂರಿ, ಒಂದು ಮೊಣಕಾಲು ಮಡಿಸಿಯಾಗಿತ್ತು. ತಲೆಯೆತ್ತಿ ನೋಡಿದರೆ ರೆಫರಿ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಎದ್ದೇ ಬಿಡುತ್ತಿದ್ದರು. ಇವರು ಮೊದಲ ಸಾಲಿನಲ್ಲಿ ಕೂತಿದ್ದ ಅಧ್ಯಕ್ಷರ ಕಡೆ ತಿರುಗಿ, "ಸಾರ್, ಏಳ್ಲಾ?" ಎಂದು ಕೇಳಿದರು.

ಕೇಳಬಾರದಿತ್ತು. ಕಚೇರಿಯವರನ್ನು ಕೇಳದೆ ಮಾಡಿದ ಕೆಲಸಕ್ಕೆ ಕ್ಷಮೆಯಾದರೂ ಉಂಟು. ಕೇಳಿದ ಮೇಲೆ ಉತ್ತರ ಬರುವ ತನಕ ಮಾಡುವ ಹಾಗಿಲ್ಲ.

"ಬರೆದುಕೊಡಿ, ನೋಡೋಣ" ಅಂದರು ಅಧ್ಯಕ್ಷರು.

ಗ್ಲೌಸ್ ಕಟ್ಟಿದ ಕೈಯಲ್ಲಿ ಬರೆಯಲಾಗದು ಎಂದು ನಾನೇ ರಿಂಗಿಗೆ ಹತ್ತಿ ಅರ್ಜಿ ಬರೆದೆ. ವಿಷಯ: ಏಳುವ ಬಗ್ಗೆ. ಗ್ಲೌಸಿನ ಹೆಬ್ಬೆಟ್ಟನ್ನು ಮಸಿಗೆ ಅದ್ದಿ ಒತ್ತಿಸಿಕೊಂಡೆ. ಅರ್ಧ ಹಾಳೆ ಅದೇ ಆಯಿತು. ಅಧ್ಯಕ್ಷರು ಅದರ ಮೇಲೆ, "ಸ್ವೀಕರಿಸಿದೆ. ಮೇಲಿನವರ ಅಭಿಪ್ರಾಯ ಬರುವವರೆಗೆ ಯಥಾಸ್ಥಿತಿ ಕಾಪಾಡತಕ್ಕದ್ದು" ಎಂದು ಷರಾ ಬರೆದರು.

"ಹಂಗಂದ್ರೆ?" ಎಂದರು ಚಾಂಪಿಯನ್.

"ಹೇಗಿದ್ರೋ ಹಾಗೇ ಮಲ್ಕೊಳಿ" ಎಂದೆ.

"ನಾನು?" ಎಂದ ಇಸ್ತ್ರಿ, ಮೂಲೆಯಿಂದ.

"ನೀನೂ ಹೇಗಿದ್ಯೋ ಹಾಗೇ ನಿಂತ್ಕೋ."

ಮೊದಲ ವಾರ ಸ್ವಲ್ಪ ಗೊಂದಲವಿತ್ತು, ಇಲ್ಲ ಅನ್ನುವುದಿಲ್ಲ. ಆಮೇಲೆ ಮಂಡಳಿ ತುರ್ತು ಸಭೆ ಸೇರಿ ನಿಯಮಾವಳಿ ಮಾಡಿತು. ಬಿದ್ದಿರುವ ಆಟಗಾರ ಊಟ ಮಾಡಬಹುದು, ಆದರೆ ಒರಗಿಕೊಂಡು. ಮಗ್ಗುಲು ಬದಲಿಸಬಹುದು, ಬದಲಿಸಿದ್ದನ್ನು ವಹಿಯಲ್ಲಿ ನಮೂದಿಸಬೇಕು. ನಿತ್ಯಕರ್ಮಗಳಿಗೆ ಇಬ್ಬರು ನೌಕರರು ಸ್ಟ್ರೆಚರಿನಲ್ಲಿ ಕೊಂಡೊಯ್ದು ತರತಕ್ಕದ್ದು. ಅಲ್ಲಿಯೂ ಅವರು ಕುಳಿತುಕೊಳ್ಳುವ ಮಟ್ಟಕ್ಕೆ ಮಾತ್ರ ಏಳಬಹುದು. ಹೊಡೆದ ಆಟಗಾರ ಮೂಲೆ ಬಿಟ್ಟು ಹೋಗಬೇಕಾದ ಸಂದರ್ಭದಲ್ಲಿ ತನ್ನ ಒಂದು ಗ್ಲೌಸನ್ನು ಮೂಲೆಯ ಕಂಬಕ್ಕೆ ನೇತುಹಾಕಿ ಹೋಗತಕ್ಕದ್ದು. ಸದರಿ ಗ್ಲೌಸನ್ನೇ ಆತನೆಂದು ಭಾವಿಸತಕ್ಕದ್ದು. ಈ ನಿಯಮಗಳ ಜಾರಿಗೆ ಒಂಬತ್ತರ ವಿಭಾಗ ಎಂಬ ಹೊಸ ವಿಭಾಗವೇ ಆಯಿತು. ಒಬ್ಬ ಉಪನಿರ್ದೇಶಕರು, ಮೂವರು ಮೇಲ್ವಿಚಾರಕರು, ಮಗ್ಗುಲು ವಹಿಗೆ ಒಬ್ಬ. ನನಗೂ ಒಂದು ಬಡ್ತಿ ಸಿಕ್ಕಿತು. ಸುಳ್ಳು ಯಾಕೆ ಹೇಳಲಿ, ಖುಷಿಯಾಯಿತು.

ಜನ ಬರತೊಡಗಿದರು. ಮುಗಿದ ಪಂದ್ಯ ನೋಡಿದವರು ಎಷ್ಟೋ ಮಂದಿ ಇದ್ದಾರೆ, ಮುಗಿಯದ್ದನ್ನು ಯಾರು ನೋಡಿದ್ದಾರೆ? ಬಾಗಿಲಲ್ಲಿ ಫಲಕ ಹಾಕಿದೆವು: "ಇಂದೇ ಹತ್ತು ಆಗಬಹುದು. ಆಗದೆಯೂ ಇರಬಹುದು. ಟಿಕೆಟ್ ವಾಪಸ್ ಪಡೆಯುವುದಿಲ್ಲ." ಬರಿಯ ನೆಲದ ಮೇಲೆ ಚಾಂಪಿಯನ್ ಮಲಗಿರುವುದು ಮಂಡಳಿಯ ಘನತೆಗೆ ತಕ್ಕದ್ದಲ್ಲ ಎಂದು ಅಧ್ಯಕ್ಷರಿಗೆ ಅನ್ನಿಸಿತು. ಅದೇ ಹೊತ್ತಿಗೆ ಅವರ ಬಾಮೈದನಿಗೆ ಹಾಸಿಗೆ ಕಾರ್ಖಾನೆ ಇರುವುದು ನೆನಪಾಯಿತು. ಹಾಸಿಗೆ ಬಂತು, ಎರಡು ದಿಂಬು ಬಂತು, ರಿಂಗಿನ ಸುತ್ತ ಜಾಹೀರಾತು ಬಂತು: "ಚಾಂಪಿಯನ್ನೇ ಏಳಲಾರದ ಹಾಸಿಗೆ!" ಊರೆಲ್ಲ ಅದೇ ಹಾಸಿಗೆ ಮಾರಾಟವಾಯಿತು.

ಇಸ್ತ್ರಿಯೂ ಸುಮ್ಮನೆ ಕೂರುವವನಲ್ಲ, ಅಂದರೆ ಸುಮ್ಮನೆ ನಿಲ್ಲುವವನಲ್ಲ. ಮೂಲೆಗೆ ಒಂದು ಮೇಜು, ಒಂದು ಇಸ್ತ್ರಿ ಪೆಟ್ಟಿಗೆ ತರಿಸಿಕೊಂಡ. ಅವನ ಕಸುಬು ನಿಂತೇ ಮಾಡುವಂಥದ್ದಾದ್ದರಿಂದ ಯಾವ ನಿಯಮಕ್ಕೂ ಭಂಗ ಬರಲಿಲ್ಲ. ಪಂದ್ಯ ನೋಡಲು ಬರುವವರು ಬಟ್ಟೆ ಗಂಟು ತಂದು ಕೊಟ್ಟು, ನೋಡಿ ಹೋಗುವಾಗ ಗರಿಗರಿಯಾಗಿ ಒಯ್ಯುತ್ತಿದ್ದರು. ರಿಂಗಿನ ಹಗ್ಗಗಳ ಮೇಲೆ ಸಾಲಾಗಿ ಅಧ್ಯಕ್ಷರ ಅಂಗಿಗಳು, ಮಂಡಳಿಯ ಮೇಜುಬಟ್ಟೆಗಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವನು ಚಾಂಪಿಯನ್ನರ ಜತೆ ಹರಟುತ್ತಿದ್ದ. "ಅಣ್ಣಾ, ಅವತ್ತು ಜೋರಾಗಿ ಬಿತ್ತಾ?" ಎಂದು ಆಗಾಗ ಕೇಳುತ್ತಿದ್ದ. "ಚೆನ್ನಾಗೇ ಹೊಡ್ದೆ ಕಣೋ" ಎಂದು ಇವರು ಹೊಗಳುತ್ತಿದ್ದರು. ಇಬ್ಬರ ನಡುವೆ ಒಂದು ಕೆಟ್ಟ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಎರಡು ವರ್ಷ ಸತತವಾಗಿ ಸೋಲದ ಆಟಗಾರ ಎಂಬ ಗೌರವವೂ ಚಾಂಪಿಯನ್ನರಿಗೆ ಸಂದಿತು. ಸಮಾರಂಭ ಅಲ್ಲೇ ನಡೆಯಿತು. ಅಧ್ಯಕ್ಷರು ಬಾಗಿ ಅವರ ಹೊಟ್ಟೆಯ ಮೇಲೆ ಬೆಲ್ಟ್ ಇಟ್ಟು, ಫೋಟೊ ತೆಗೆಸಿಕೊಂಡು, "ಇವರನ್ನು ನೋಡಿ ಯುವಕರು ಕಲಿಯಬೇಕು" ಎಂದು ಭಾಷಣ ಮಾಡಿದರು. ಚಾಂಪಿಯನ್ನರು ಕೆಳಗಿನಿಂದಲೇ, "ಸಾರ್, ನನ್ನ ಅರ್ಜಿ?" ಎಂದರು. ಚಪ್ಪಾಳೆಯ ಸದ್ದಿನಲ್ಲಿ ಅದು ಕೇಳಲಿಲ್ಲ ಎಂದು ನಡಾವಳಿಯಲ್ಲಿ ಬರೆದೆ. ನನಗೆ ಕೇಳಿತ್ತು.

ಅವರ ಹೆಂಡತಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಾಕೆ. ಬಾಯಿ ಬಿಟ್ಟರೆ ಉಪನಿರ್ದೇಶಕರೂ ಎದ್ದು ಒಳಗೆ ಹೋಗುತ್ತಿದ್ದರು. ಕೆಲಸ ಮುಗಿಸಿ, ಮಗಳನ್ನು ಕರೆದುಕೊಂಡು, ಊಟ ಕಟ್ಟಿಕೊಂಡು ಸಂಜೆ ನಾಲ್ಕಕ್ಕೆ ಬರುವಳು. ಬಂದವಳೇ ರಿಂಗಿಗೆ ಹತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸುವಳು.

"ಏನ್ರೀ, ಇವತ್ತಾದ್ರೂ ಏನಾದ್ರೂ ಹೇಳಿದ್ರಾ?"

"ಮೇಲೆ ಹೋಗಿದ್ಯಂತೆ ಕಣೇ."

"ಅದು ಮೇಲೆ ಹೋಗ್ತಾ ಇದೆ, ನೀವು ಕೆಳಗೇ ಇದೀರಿ. ಸೋತ್ರೆ ಸೋಲ್ರಿ, ಗೆದ್ರೆ ಗೆಲ್ರಿ, ನಂಗೆ ಎರಡೂ ಒಂದೇ. ಎದ್ದು ಮನೆಗೆ ಬನ್ನಿ."

"ಕೇಳ್ಬಿಟ್ಟಿದೀನಲ್ಲೇ. ಕೇಳಿದ್ಮೇಲೆ ಹೆಂಗೆ ಏಳೋದು? ಅದಲ್ದೆ, ಸೋಲೋದು ನಂಗೆ ಒಂದೇ ಅಲ್ಲ. ಹತ್ತು ಅನ್ನೋಕೆ ಮುಂಚೆ ನಾನು ಎದ್ದೇ ಏಳ್ತೀನಿ."

ಒಂದು ಭಾನುವಾರ ಬೆಳಿಗ್ಗೆ ಆಕೆ ನನ್ನನ್ನು ಎಳೆದುಕೊಂಡು ಆ ಹಳೆಯ ರೆಫರಿಯವರ ಮನೆಗೆ ಹೋದಳು. ಅವರು ಅಂಗಳದ ಕುಂಡಗಳಿಗೆ ನೀರು ಹಾಕುತ್ತಿದ್ದರು. ನಮ್ಮನ್ನು ಕಂಡದ್ದೇ ಚೊಂಬು ಕೆಳಗಿಟ್ಟು ಒಳಗೆ ಕರೆದರು.

"ಒಂದೇ ಒಂದು ಅಂಕಿ ಅಲ್ವೇನ್ರೀ ಯಜಮಾನ್ರೇ? ಬಂದು ಹೇಳ್ಬಿಡಿ. ಬರಕ್ಕಾಗಲ್ಲ ಅಂದ್ರೆ ಇಲ್ಲೇ ಹೇಳಿ, ನಾನು ಓಡಿಹೋಗಿ ಅವ್ರಿಗೆ ತಿಳಿಸ್ತೀನಿ."

"ಅಮ್ಮಾ, ನಾನೀಗ ಸಾಮಾನ್ಯ ಮನುಷ್ಯ. ಸಾಮಾನ್ಯ ಮನುಷ್ಯ ರಿಂಗ್ ಹತ್ತಿ ಹತ್ತು ಅಂದ್ರೆ ಅದು ಎಣಿಕೆ ಅಲ್ಲ, ಗಲಾಟೆ. ಪೊಲೀಸ್ರು ಬರ್ತಾರೆ."

"ಅವತ್ತು ಅರ್ಧ ನಿಮಿಷ ಜಾಸ್ತಿ ನಿಂತಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವರು ಒದ್ದೆ ಕೈ ಒರೆಸಿಕೊಂಡರು. "ಬಾಯಿಗೆ ಬಂದಿತ್ತಮ್ಮಾ. ಹತ್ತು ಅನ್ನೋದು ಇಲ್ಲಿ, ನಾಲಿಗೆ ತುದೀಲಿತ್ತು. ನುಂಗ್ಕೊಂಡೆ. ಎರಡು ದಿನ ಹೊಟ್ಟೆ ಸರಿ ಇರ್ಲಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ದಾಖಲೆ ಮಾಡ್ಬೇಡಿ" ಎಂದರು. ಆದ್ದರಿಂದ ಇದನ್ನು ದಾಖಲೆ ಮಾಡಿಲ್ಲ. ಇಲ್ಲಿ ಮಾತ್ರ ಬರೆದಿದ್ದೇನೆ.

ಇನ್ನು ಮಗಳ ವಿಷಯ. ತಂದೆ ಬಿದ್ದಾಗ ಅವಳಿಗೆ ಎರಡೂವರೆ ವರ್ಷ. ಅವರು ನಿಂತದ್ದು ಅವಳಿಗೆ ನೆನಪೇ ಇಲ್ಲ. ಶಾಲೆಯಲ್ಲಿ ನಮ್ಮ ಮನೆ ಎಂಬ ಚಿತ್ರ ಬರೆಯಲು ಹೇಳಿದಾಗ ಅಮ್ಮನನ್ನೂ ತನ್ನನ್ನೂ ನಿಲ್ಲಿಸಿ, ಅಪ್ಪನನ್ನು ಹಾಳೆಯ ಕೆಳಗಡೆ ಉದ್ದಕ್ಕೆ ಬರೆದಿದ್ದಳು. ಟೀಚರು ಅದನ್ನು ರಸ್ತೆ ಅಂದುಕೊಂಡರಂತೆ. ದಿನಾ ಬಂದವಳೇ ಹಾಸಿಗೆಯ ಮೇಲೆ ಅವರ ಪಕ್ಕ ನೆಟ್ಟಗೆ ಮಲಗಿ, ಪಾದಕ್ಕೆ ಪಾದ ಹೊಂದಿಸಿ, ತಲೆಯ ಮೇಲೆ ಅಂಗೈ ಇಟ್ಟು ಅಳೆಯುವಳು.

"ಅಪ್ಪಾ, ನಿನ್ನ ಸೊಂಟದ ತನಕ ಬಂದೆ."

"ಸೊಂಟಕ್ಕಿಂತ ಮೇಲೆ ಬಂದಿದೀಯ ಬಿಡೇ."

"ನಿಂತ್ಕೊಂಡ್ರೆ ಗೊತ್ತಾಗತ್ತೆ. ನಿಂತ್ಕೊಳೋ ಅಪ್ಪಾ, ಒಂದ್ಸಲ."

ಅವತ್ತು ಚಾಂಪಿಯನ್ನರು ನನ್ನನ್ನು ಹತ್ತಿರ ಕರೆದರು. ತಗ್ಗಿದ ದನಿಯಲ್ಲಿ, "ಸಾರ್, ನೀವು ಹೇಳಿದ್ರೆ ಅಧ್ಯಕ್ಷರು ಕೇಳ್ತಾರೆ. ಒಂದೇ ಒಂದು ಸಲ ಎದ್ದು ನಿಂತು ಮತ್ತೆ ಹಿಂಗೇ ಮಲಗ್ತೀನಿ. ಮಗು ನೋಡ್ಲಿ. ನಾನು ಬಿದ್ದಿರೋನೇ ಅಂತ ಅವಳು ತಿಳ್ಕೊಂಡಿದಾಳೆ ಸಾರ್" ಅಂದರು. ಮನೆಗೆ ಹೋಗಿ ನನ್ನ ಮಗಳ ಮುಂದೆ ಸುಮ್ಮಸುಮ್ಮನೆ ಎರಡು ಸಲ ಎದ್ದು ನಿಂತೆ. ಆದರೆ ತಾತ್ಕಾಲಿಕವಾಗಿ ನಿಲ್ಲುವುದಕ್ಕೆ ನಿಯಮಾವಳಿಯಲ್ಲಿ ಅವಕಾಶವಿರಲಿಲ್ಲ. ಅರ್ಜಿಗೆ ಒಂದು ಜ್ಞಾಪನ ಹಾಕಿದೆ. ನನ್ನ ಕೈಲಿ ಇದ್ದದ್ದು ಅಷ್ಟೇ.

ಆ ಜ್ಞಾಪನದಿಂದಲೇ ಎಡವಟ್ಟಾಯಿತು. ಮೂರು ವರ್ಷ ಮೇಲಕ್ಕೆ ಹೋಗುತ್ತಲೇ ಇದ್ದ ಕಡತ, ಇನ್ನು ಮೇಲೆ ಯಾರೂ ಇಲ್ಲ ಎಂಬ ಜಾಗಕ್ಕೆ ತಲುಪಿತ್ತು. ಅಲ್ಲಿ ಯಾರೋ ಅದನ್ನು ತೆರೆದು ಓದಿಬಿಟ್ಟರು. ಆಟಗಾರ ಏಳಬಹುದೇ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಬದಲಿಗೆ ಒಂದು ಆದೇಶ ಬಂತು: ಬಾಕಿ ಉಳಿದಿರುವ ಅಂಕಿಯನ್ನು ಹೇಳಲು ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸಿದೆ, ಸದರಿಯವರು ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಥಳಕ್ಕೆ ಬಂದು ಹತ್ತು ಎನ್ನುವರು.

ಮಂಡಳಿಯಲ್ಲಿ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತರು. ಹತ್ತಾದರೆ ಒಂಬತ್ತರ ವಿಭಾಗ ಏನಾಗಬೇಕು? ಬಾಮೈದರು ಹೊಸ ಕಾರ್ಖಾನೆಗೆ ಪಾಯ ತೋಡಿಸಿದ್ದರು. ಅಧ್ಯಕ್ಷರು ಬೂಟು ಬಿಚ್ಚಿ ರಿಂಗಿಗೆ ಹತ್ತಿ, ಹಾಸಿಗೆಯ ಅಂಚಿನಲ್ಲಿ ಕೂತು, ಅಣ್ಣತಮ್ಮನ ಹಾಗೆ ಚಾಂಪಿಯನ್ನರ ಕೈ ಹಿಡಿದುಕೊಂಡರು.

"ನೋಡಿ, ಎದ್ರೆ ಇವ್ನು ಮತ್ತೆ ಹೊಡೀತಾನೆ. ಏಳದಿದ್ರೆ ಸೋಲ್ತೀರಿ. ಎರಡೂ ಬೇಡ. ಮಲಗಲು ಅಸಮರ್ಥ ಅಂತ ಒಂದು ಡಾಕ್ಟರ್ ಸರ್ಟಿಫಿಕೇಟ್ ಕೊಡಿ. ಒಂದು ತಿಂಗಳು ರಜೆ ಮಂಜೂರು ಮಾಡ್ತೀನಿ. ರಜೆಯಲ್ಲಿರೋರ ಮೇಲೆ ಎಣಿಸೋಕೆ ಬರಲ್ಲ."

"ರಜೇಲಿ ಎದ್ದು ನಿಲ್ಲಬಹುದಾ ಸಾರ್?"

"ಛೆ ಛೆ. ರಜೇಲೂ ಮಲಗೇ ಇರ್ಬೇಕು. ಇಲ್ಲಾಂದ್ರೆ ಏನಂದ್ಕೋತಾರೆ?"

"ಹಂಗಾದ್ರೆ ಬೇಡ ಸಾರ್."

ಇಸ್ತ್ರಿಯೂ ಪೆಟ್ಟಿಗೆ ಪಕ್ಕಕ್ಕಿಟ್ಟು ಗೋಗರೆದ. "ಅಣ್ಣಾ, ಹತ್ತಾಗೋದು ಬೇಡ ಅಣ್ಣಾ. ನಾನು ಚಾಂಪಿಯನ್ ಆಗಿಬಿಡ್ತೀನಿ, ಆಮೇಲೆ ಯಾವನಾದ್ರೂ ಬಂದು ನನ್ನ ಬೀಳಿಸ್ತಾನೆ. ನೀವು ಏಳೋದೂ ಬೇಡ, ನಿಮ್ಮನ್ನ ಹೊಡಿಯೋಕೆ ನಂಗೆ ಈಗ ಕೈ ಬರಲ್ಲ. ಇಲ್ಲಿ ನಂಗೆ ಅಂಗಡಿ ಕುದುರಿದೆ. ಹಿಂಗೇ ಇದ್ದುಬಿಡೋಣ."

ಚಾಂಪಿಯನ್ನರು ಅವನಿಗೂ ಇಲ್ಲ ಎಂದರು. ಆ ವಾರವೆಲ್ಲ ಹೆಂಡತಿ ಬಂದು ಅವರ ಕಾಲುಗಳನ್ನು ಎಣ್ಣೆ ಹಾಕಿ ತಿಕ್ಕಿದಳು. ಕಾಲುಗಳು ಬಿದಿರು ಕೋಲಿನಂತೆ ಸಣಕಲಾಗಿದ್ದವು. "ತಡ್ಕೊಳತ್ತೇನ್ರೀ?" ಎಂದು ಆಕೆ ಕೇಳಿದಳು. "ಸಿಲಿಂಡರ್ ಏನೂ ಹೊರ್ಬೇಕಾಗಿಲ್ವಲ್ಲ, ನನ್ನನ್ನೇ ಹೊತ್ಕೊಂಡ್ರೆ ಸಾಕು" ಎಂದರು ಇವರು. ಮೂರು ವರ್ಷದಲ್ಲಿ ಆಕೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸೋಮವಾರ ಕಾಲಿಡಲು ಜಾಗವಿರಲಿಲ್ಲ. ಹೆಂಡತಿ ಮಗಳಿಗೆ ಶಾಲೆಗೆ ರಜೆ ಹಾಕಿಸಿ ಕರೆದುಕೊಂಡು ಬಂದಿದ್ದಳು; ಹುಡುಗಿ ಹೊರಗಡೆಯಿಂದ ಕೆಳಗಿನ ಹಗ್ಗ ಹಿಡಿದು ನಿಂತಿದ್ದಳು. ವಿಶೇಷಾಧಿಕಾರಿ ಹನ್ನೊಂದಕ್ಕೆ ಸರಿಯಾಗಿ ಬಂದರು. ಕೊಡೆ ಮಡಿಸಿ ಮೂಲೆಯ ಕಂಬಕ್ಕೆ ಸಿಕ್ಕಿಸಿದರು, ನೀರು ಕುಡಿದರು, ನೇಮಕದ ಆದೇಶವನ್ನು ಗಟ್ಟಿಯಾಗಿ ಓದಿದರು. ಕಾರ್ಯಭಾರ ವಹಿಸಿಕೊಂಡ ಬಗ್ಗೆ ಮೂರು ಪ್ರತಿಗಳಲ್ಲಿ ಸಹಿ ಮಾಡಿದರು. ಆಮೇಲೆ ಚಾಂಪಿಯನ್ನರ ಬಳಿ ಬಂದು ಬಾಗಿ, ಬೆರಳೆತ್ತಿ, ಉಸಿರು ಎಳೆದುಕೊಂಡರು.

ಚಾಂಪಿಯನ್ನರು ಅಂಗೈ ಊರಿದರು. ಯಾರನ್ನೂ ಕೇಳಲಿಲ್ಲ. ಒಂದು ಮೊಣಕಾಲು ಬಂತು, ಇನ್ನೊಂದು ಬಂತು. ತೊಡೆಗಳು ಥರಥರ ನಡುಗಿದವು. ಹಗ್ಗಕ್ಕೆ ಕೈ ಚಾಚಿದರೆ ಅಲ್ಲಿ ಅಧ್ಯಕ್ಷರ ಅಂಗಿಗಳು; ಅವನ್ನೇ ಹಿಡಿದು ಮೇಲೆದ್ದರು. ಬೆನ್ನು ನೆಟ್ಟಗಾಯಿತು, ಆಮೇಲೆ ಕತ್ತು. ಹಗ್ಗ ಬಿಟ್ಟರು. ಕೆಳಗಿನಿಂದ ಕತ್ತೆತ್ತಿ ನೋಡುತ್ತಿದ್ದ ಹುಡುಗಿಯ ದನಿ ಕೇಳಿಸಿತು:

"ಅಮ್ಮಾ, ಅಪ್ಪ ಮುಗೀತಾನೇ ಇಲ್ಲ!"

ನನ್ನ ಕಣ್ಣಲ್ಲಿ ನೀರು ಬಂತು. ಬಂದರೆ ಬಂತು, ಅದಕ್ಕೇನೂ ನಿಯಮವಿಲ್ಲ. ಹತ್ತು ಎನ್ನುವ ಮೊದಲೇ ಅವರು ನಿಂತಿದ್ದರು. ಹುಡುಗಿ ಹಗ್ಗದ ಕೆಳಗೆ ನುಸುಳಿ ಓಡಿಬಂದು, ಅವರ ಪಾದಗಳ ಮೇಲೆ ಹತ್ತಿ ನಿಂತು ತಲೆಯ ಮೇಲೆ ಅಂಗೈ ಇಟ್ಟು ನೋಡಿದಳು. ಇವರು ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಅತ್ತರು.

ವಿಶೇಷಾಧಿಕಾರಿ ಎಳೆದುಕೊಂಡ ಉಸಿರನ್ನು ಬಿಟ್ಟು ಬೆರಳಿಳಿಸಿದರು. "ಇದು ತೊಂದರೆಯಾಯ್ತಲ್ಲ" ಎಂದರು.

"ಎದ್ರಲ್ಲ ಸ್ವಾಮಿ, ಎದ್ದಿದಾರೆ ಅಂತ ಬರ್ಕೊಳಿ" ಎಂದಳು ಹೆಂಡತಿ.

"ಬರೆಯೋಕೆ ಬರಲ್ಲಮ್ಮಾ. ನಂಗೆ ಕೊಟ್ಟಿರೋದು ಹತ್ತು ಅನ್ನೋ ಅಧಿಕಾರ ಮಾತ್ರ. ಎದ್ದಿದ್ದನ್ನ ನೋಡೋ ಅಧಿಕಾರ ಕೊಟ್ಟಿಲ್ಲ. ನಾನು ನೋಡಿಲ್ಲ. ನಿಂತೋರ ಮೇಲೆ ಹತ್ತು ಅನ್ನೋಕೂ ಬರಲ್ಲ." ಅವರು ಹಾಳೆ ತೆಗೆದು, "ಸ್ಥಳಕ್ಕೆ ಭೇಟಿ ನೀಡಲಾಯಿತು. ಅಂಕಿ ಹೇಳಲು ಅನುಕೂಲವಾಗಲಿಲ್ಲ" ಎಂದು ಬರೆದು, ಕೊಡೆ ತೆಗೆದುಕೊಂಡು ಹೊರಟುಹೋದರು.

ಆಗ ಅಧ್ಯಕ್ಷರ ಮುಖದಲ್ಲಿ ಕಳೆ ಬಂತು. ಎದ್ದು ನಿಂತು ಕೇಳಿದರು: "ಯಾರ್ರೀ ಇವ್ರು? ರಿಂಗ್ ಒಳಗೆ ಯಾರು ಬಿಟ್ಟಿದ್ದು?"

"ಸಾರ್, ನಾನು ಚಾಂಪಿಯನ್" ಎಂದರು ಚಾಂಪಿಯನ್.

"ಚಾಂಪಿಯನ್ ಮಲಗಿದಾರೆ. ಹಾಗಂತ ದಾಖಲೆ ಇದೆ. ಎದ್ದರು ಅಂತ ಎಲ್ಲೂ ದಾಖಲೆ ಇಲ್ಲ. ನೀವು ನಿಂತಿದೀರಿ. ಲೈಸೆನ್ಸ್ ತನ್ನಿ."

ಲೈಸೆನ್ಸನ್ನು ಹಿಂದಿನ ವರ್ಷ ನವೀಕರಿಸಿದ್ದೆವು. ಅದರಲ್ಲಿ ಮಲಗಿರುವ ಫೋಟೊ ಇತ್ತು, ಮೇಲಿನಿಂದ ತೆಗೆದದ್ದು. ಮಲಗಿದಾಗ ಕೆನ್ನೆ ಕಿವಿಯ ಕಡೆ ಜಾರುತ್ತದೆ, ನಿಂತಾಗ ಕೆಳಗೆ ಇಳಿಯುತ್ತದೆ. ನಿಂತ ಮುಖಕ್ಕೂ ಫೋಟೊಗೂ ಹೊಂದಲಿಲ್ಲ. ಅಧ್ಯಕ್ಷರು ನನ್ನ ಕಡೆ ತಿರುಗಿದರು. "ದಾಖಲೆ ವಿಭಾಗದವ್ರೇ, ನೀವು ಹೇಳಿ. ಇವ್ರು ಚಾಂಪಿಯನ್ನರೇನ್ರೀ?"

ಚಾಂಪಿಯನ್ನರು ನನ್ನನ್ನೇ ನೋಡುತ್ತಿದ್ದರು. ಅವರ ಅರ್ಜಿ ಬರೆದವನು ನಾನು. ಮಗ್ಗುಲು ವಹಿಗೆ ಮೂರು ವರ್ಷ ಸಹಿ ಹಾಕಿದವನೂ ನಾನೇ. ಅವರ ಬೆನ್ನಿನ ಮಚ್ಚೆ ಎಲ್ಲಿದೆ ಎಂಬುದೂ ನನಗೆ ಗೊತ್ತು.

"ಕಡತ ನೋಡಿ ಹೇಳ್ತೀನಿ ಸಾರ್" ಎಂದೆ.

ಕಡತವನ್ನು ಇನ್ನೂ ನೋಡುತ್ತಿದ್ದೇನೆ.

ಮಂಡಳಿ ಸರ್ವಾನುಮತದ ನಿರ್ಣಯ ಮಾಡಿತು. ಚಾಂಪಿಯನ್ನರು ಒಂಬತ್ತರಲ್ಲಿ ಮಲಗಿರುವುದು ಮುಂದುವರಿಯತಕ್ಕದ್ದು. ಹಾಸಿಗೆಯನ್ನು ಅದೇ ಜಾಗದಲ್ಲಿ, ಅದೇ ದಿಕ್ಕಿಗೆ ಇಡತಕ್ಕದ್ದು. ಗ್ಲೌಸನ್ನು ಆಟಗಾರನೆಂದು ಭಾವಿಸುವ ನಿಯಮ ಮೊದಲೇ ಇದ್ದುದರಿಂದ, ಅದನ್ನು ಹಾಸಿಗೆಗೂ ವಿಸ್ತರಿಸಿದರೆ ಸಾಕಾಯಿತು. ಜನ ಕಡಿಮೆಯಾಗಬಹುದು ಎಂಬ ಭಯವಿತ್ತು, ಆಗಲಿಲ್ಲ. ಬಂದವರು ಗಂಟೆಗಟ್ಟಲೆ ಹಾಸಿಗೆ ನೋಡುತ್ತಾ ಕೂರುತ್ತಾರೆ. ಸ್ವಲ್ಪ ಸೊರಗಿದ್ದಾರೆ ಎಂದು ಹೋದ ತಿಂಗಳು ಒಬ್ಬರು ಹೇಳಿದರು. ಇಸ್ತ್ರಿಗೆ ಎರಡನೇ ಮೇಜು ಬಂದಿದೆ.

ರಿಂಗಿನಿಂದ ಇಳಿಸಲ್ಪಟ್ಟ ಆ ವ್ಯಕ್ತಿ ಎರಡು ತಿಂಗಳು ಮನೆಯಲ್ಲಿದ್ದರು. ಸಿಲಿಂಡರ್ ಹೊರಲು ಹೋದರು, ಎರಡನೇ ಮಹಡಿಗೇ ಕಾಲು ಸೋತಿತು. ಬಾಕ್ಸಿಂಗ್ ಆಡೋಣವೆಂದರೆ ಲೈಸೆನ್ಸ್ ಚಾಂಪಿಯನ್ನರ ಹೆಸರಿನಲ್ಲಿದೆ, ಅವರೋ ಪಂದ್ಯದ ನಡುವೆ ಇದ್ದಾರೆ. ಅಷ್ಟರಲ್ಲಿ ಚಾಂಪಿಯನ್ನರ ಹಾಸಿಗೆ ನೋಡಿಕೊಳ್ಳಲು ಪರಿಚಾರಕರು ಬೇಕೆಂದು ನಮ್ಮ ಪ್ರಕಟಣೆ ಹೊರಬಿತ್ತು. ಅವರು ಸ್ವಂತ ಕೈಯಲ್ಲಿ ಅರ್ಜಿ ಬರೆದುಕೊಟ್ಟರು. ಸಂದರ್ಶನದಲ್ಲಿ ಅನುಭವ ಇದೆಯಾ ಎಂದು ಕೇಳಿದಾಗ ಸ್ವಲ್ಪ ಇದೆ ಸಾರ್ ಎಂದರಂತೆ. ಕೆಲಸ ಆಯಿತು. ಹೆಂಡತಿ ಮೊದಮೊದಲು ಬಾಯಿಗೆ ಬಂದ ಹಾಗೆ ಬೈದಳು. ಸಂಜೆ ಐದೂವರೆಗೆ ಗಂಡ ಮನೆಗೆ ನಡೆದುಕೊಂಡು ಬರತೊಡಗಿದ ಮೇಲೆ ಸುಮ್ಮನಾದಳು.

ಕೆಲಸದಲ್ಲಿ ಅವರಷ್ಟು ಅಚ್ಚುಕಟ್ಟಾದವರನ್ನು ನಾನು ನೋಡಿಲ್ಲ. ಬೆಳಿಗ್ಗೆ ಬಂದು ಹಾಸಿಗೆಯ ಹೊದಿಕೆ ಕೊಡವಿ, ಒಂದು ಸುಕ್ಕೂ ಇಲ್ಲದಂತೆ ಹಾಸುತ್ತಾರೆ. ದಿಂಬು ತಟ್ಟಿ ಉಬ್ಬಿಸುತ್ತಾರೆ. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಹಾಸಿಗೆಯ ಮೇಲೆ ಬಿದ್ದರೆ ಪರದೆ ಎಳೆಯುತ್ತಾರೆ. ಮೊನ್ನೆ ಮಗಳು ಶಾಲೆಯಿಂದ ನೇರವಾಗಿ ಓಡಿಬಂದು ಬಾಗಿಲಿನಿಂದಲೇ, "ಅಪ್ಪಾ! ನಾನು ಓಟದಲ್ಲಿ ಫಸ್ಟ್!" ಎಂದು ಕೂಗಿದಳು. ಗ್ಯಾಲರಿಯವರೆಲ್ಲ ತಿರುಗಿ ನೋಡಿದರು. ಅವರು ಗಾಬರಿಯಿಂದ ಬೆರಳನ್ನು ತುಟಿಗಿಟ್ಟುಕೊಂಡು ಅವಳ ಹತ್ತಿರ ಹೋಗಿ ಬಾಗಿದರು.

"ಮೆಲ್ಲಗೆ ಮಗಳೇ. ಚಾಂಪಿಯನ್ ಮಲಗಿದಾರೆ."

ಹುಡುಗಿ ಹಾಸಿಗೆಯ ಕಡೆ ಒಮ್ಮೆ ನೋಡಿದಳು, ಅಪ್ಪನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ತುದಿಗಾಲಲ್ಲಿ ರಿಂಗನ್ನು ದಾಟಿಹೋದಳು. ನಾನೂ ಕಡತದ ಹಾಳೆ ತಿರುಗಿಸುವುದನ್ನು ನಿಲ್ಲಿಸಿದೆ.